ಮೆಳೆ ಸೇರಿದ ಕೋಲು

ಕಲ್ಲುಕಣಿವೆಯೊಂದರ ಬಾಯಲ್ಲಿ ಬಿದಿರುಕೋಲುಗಳ ರಾಶಿಯೊಂದಿತ್ತು. ಹತ್ತುವವರು ಒಂದನ್ನು ಹಿಡಿದು ಹೋಗಬೇಕು, ಸಂಜೆ ಇಳಿದ ಮೇಲೆ ಮುಂದಿನವರಿಗೆಂದು ಅಲ್ಲೇ ಇಡಬೇಕು. ಅದು ಅಲ್ಲಿಯ ಪದ್ಧತಿ. ಆ ರಾಶಿಯಲ್ಲಿ ಒಂದು ಕೋಲಿಗೆ ಒಂದೇ ಹಂಬಲ: ಕಣಿವೆಯ ತುದಿಯಲ್ಲಿರುವ ತನ್ನ ತಾಯಿಮೆಳೆಯನ್ನು ಸೇರಬೇಕು. ಆದರೆ ಹಿಡಿದವರೆಲ್ಲ ಅರ್ಧ ದಾರಿಗೇ ಏದುಸಿರು ಬಿಟ್ಟು ಹಿಂತಿರುಗುತ್ತಿದ್ದರು.

ಕಡೆಗೊಮ್ಮೆ ಚಂಪಕ್ಕ ಎಂಬ ಗಟ್ಟಿಗಿತ್ತಿ ಅದನ್ನು ಊರಿಕೊಂಡು ತುದಿಯವರೆಗೂ ಹತ್ತಿದಳು. ಬುತ್ತಿ ಬಿಚ್ಚುವಾಗ ಕೋಲನ್ನು ಬಿದಿರುಮೆಳೆಗೆ ಒರಗಿಸಿದಳು. ಉಂಡೆದ್ದು ಹೊರಡುವಾಗ ಮರೆತೇಬಿಟ್ಟಳು.

"ಅಮ್ಮಾ, ಬಂದೆ," ಎಂದಿತು ಕೋಲು.

"ಯಾರಪ್ಪಾ ನೀನು? ಮೈಯೆಲ್ಲ ಮನುಷ್ಯರ ಬೆವರಿನ ವಾಸನೆ," ಎಂದಿತು ಮೆಳೆ.

"ನಿನ್ನದೇ ಕುಡಿ. ಗುರುತು ಸಿಗಲಿಲ್ಲವೇ?"

"ನನ್ನ ಕುಡಿಗಳು ಗಾಳಿಗೆ ಬಾಗುತ್ತವೆ. ಎಲ್ಲಿ, ಬಾಗು ನೋಡೋಣ."

ಗಾಳಿ ಬಂತು. ಮೆಳೆಯೆಲ್ಲ ತೊನೆದಾಡಿತು. ಕೋಲು ಮಾತ್ರ ನೆಟ್ಟಗೆ ನಿಂತಿತ್ತು.

ಅಷ್ಟರಲ್ಲಿ ಕೆಳಗೆ, ಬಂಡೆಗಳ ನಡುವೆ, ಯಾರದೋ ಕಾಲು ಜಾರಿದ ಸದ್ದಾಯಿತು. ಹಿಂದೆಯೇ ಚಂಪಕ್ಕನ ಕೂಗು ಕಣಿವೆಯ ತುಂಬ ಮೊಳಗಿತು: "ಅಯ್ಯೋ, ನನ್ನ ಕೋಲೆಲ್ಲಿ?"

ಕೋಲು ಆ ಮಾತನ್ನು ಬಹಳ ಹೊತ್ತು ಕೇಳಿಸಿಕೊಂಡಿತು, ಕೂಗು ಅಡಗಿದ ಮೇಲೂ.

ಮತ್ತೆ ಗಾಳಿ ಬೀಸಿದಾಗ ಅದು ಬಾಗಲು ಹೋಗಲಿಲ್ಲ. ಮೆಳೆಯ ಆಸರೆ ಬಿಟ್ಟು ಉರುಳಿತು. ದಾರಿಯ ನಟ್ಟನಡುವೆ ಬಿದ್ದು, ಹಿಡಿಯುವ ತುದಿಯನ್ನು ಹತ್ತಿ ಬರುವವರ ಕಡೆಗೆ ಚಾಚಿ ಮಲಗಿತು.