ನೀರು ಸಿಗದ ಸುರಂಗ

ಹುತ್ತದ ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದಿ ಗೆದ್ದಲಿಗೆ ತಿಂಗಳಿಂದ ನೆಮ್ಮದಿಯಿರಲಿಲ್ಲ. ಹುತ್ತ ಒಣಗುತ್ತಿತ್ತು. ನೀರು ಹುಡುಕಲು ಸುರಂಗ ತೋಡುತ್ತಿದ್ದ ಗೆದ್ದಲುಗಳು ದಿನವೂ ಬಂದು ಅಣಬೆ ಒಯ್ಯುತ್ತಿದ್ದವು, ಒಂದು ಹನಿಯನ್ನೂ ತಂದಿರಲಿಲ್ಲ.

ಕೊನೆಗೆ ಅದು ಅವುಗಳ ಮುಖಂಡ ಗೆದ್ದಲನ್ನು ತಡೆದು ಕೇಳಿತು. "ಇನ್ನೆಷ್ಟು ಆಳ?"

"ಗೊತ್ತಿಲ್ಲ. ಮೂವತ್ತು ಮೊಳ ಇಳಿದಿದ್ದೇವೆ. ಮಣ್ಣಿನ ಬಣ್ಣ ಬದಲಾಗಿದೆ."

"ಬಣ್ಣವನ್ನು ಮರಿಗಳಿಗೆ ಉಣಿಸಲಾಗದು. ನೀವು ಒಯ್ದ ಅಣಬೆ ಕರಗಿಹೋಯಿತು ಅನ್ನಲೇ, ಬಿತ್ತಿದ್ದೇವೆ ಅನ್ನಲೇ?"

"ಬೆಳೆ ಬಂದೇ ಬರುತ್ತದೆಂದು ಮಾತು ಕೊಡಲಾರೆ. ತೋಡದೆ ಇದ್ದರೆ ಬರುವುದಿಲ್ಲ, ಅಷ್ಟು ಗೊತ್ತು."

ಉಗ್ರಾಣಿಗೆ ಆ ಉತ್ತರ ಹಿಡಿಸಲಿಲ್ಲ. ನಾಳೆಯಿಂದ ಅಣಬೆಯಿಲ್ಲವೆಂದು ಹೇಳಿ ಕಳಿಸಿತು. ಕಳಿಸಿದ ಮೇಲೂ ಒಂದೆಡೆ ನಿಲ್ಲಲಾರದೆ ಉಗ್ರಾಣದ ಸುತ್ತ ಓಡಾಡಿತು.

ಮರುದಿನ ಬೆಳಿಗ್ಗೆ ಕರಡಿಯೊಂದು ಬಂದು ಹುತ್ತವನ್ನು ಬಗೆಯಿತು. ಗೋಡೆಗಳು ಕುಸಿದವು. ಕರಡಿ ಮೂತಿಯಿಟ್ಟು ಗೆದ್ದಲುಗಳನ್ನು ಹೀರತೊಡಗಿತು.

"ಎಲ್ಲರೂ ಸುರಂಗಕ್ಕಿಳಿಯಿರಿ" ಎಂದು ಮುಖಂಡ ಗೆದ್ದಲು ಕೂಗಿತು. ಮರಿಗಳನ್ನು ಕಚ್ಚಿಕೊಂಡು, ರಾಣಿಯನ್ನು ತಳ್ಳಿಕೊಂಡು ಅವು ಇಳಿದವು. ಅಷ್ಟು ಆಳಕ್ಕೆ ಕರಡಿಯ ಉಗುರು ಎಟುಕಲಿಲ್ಲ. ಸಿಕ್ಕಿದ್ದನ್ನು ತಿಂದು ಅದು ಹೊರಟುಹೋಯಿತು.

ಉಗ್ರಾಣಿ ಮೇಲೆ ಹೋಗಿ ಮಣ್ಣು ಕೆದಕಿತು. ಉಳಿದಿದ್ದು ಮೂರೇ ಅಣಬೆ. ಅವನ್ನು ಹೊತ್ತು ತಂದು ಮುಖಂಡ ಗೆದ್ದಲಿನ ಎದುರು ನಿಂತಿತು.

"ನೀವು ಹುಡುಕಿದ್ದು ಅಡಗುವ ಜಾಗವನ್ನಲ್ಲವಲ್ಲ?"

"ಅಲ್ಲ. ನೀರನ್ನು."

"ಹಾಗಾದರೆ ಅದು ಇನ್ನೂ ಸಿಗಬೇಕು" ಎಂದು ಉಗ್ರಾಣಿ ಒಂದು ಅಣಬೆಯನ್ನು ಮುಂದೆ ಚಾಚಿತು. ಕೊಟ್ಟರೆ ಉಳಿಯುವುದು ಎರಡೇ, ಆದರೂ ಕೊಟ್ಟಿತು.