ಸಂಕವ್ವ ಎಬ್ಬಿಸಿದ ಸರ್ವರ್

"ನಮಗೆ ಮೋಡದಲ್ಲಿ ಇನ್ನೊಂದು ಸರ್ವರ್ ಬೇಕು. ಅದನ್ನು ಎಬ್ಬಿಸಲು ಬರುವವರು ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದನ್ನು ಕೊಡುತ್ತೇವೆ. ತಪ್ಪಿದವರ ತಲೆ ಉಳಿಯುವುದಿಲ್ಲ." ಮುಗಿಲೂರಿನ ಅರಸ ಕೇತರಸ ಹೀಗೆಂದು ಡಂಗುರ ಹೊಡೆಸಿದ.

ಮೊದಲ ಒಗಟು ಇದು: "ಇಟ್ಟಿಗೆಯಿಲ್ಲದ ಮನೆ. ಇವತ್ತು ಕೆಡವಿದರೆ ನಾಳೆ ಕೂದಲೆಳೆಯಷ್ಟೂ ಬದಲಾಗದೆ ಏಳಬೇಕು. ಅದರ ಅಡಿಪಾಯ ಯಾವುದು?"

ಮಂತ್ರಿಯ ಮಗ ಗತ್ತಿನಿಂದ ಬಂದು "ಖಜಾನೆ" ಎಂದ. ಒಬ್ಬ ಸಾಹುಕಾರ "ಅದೃಷ್ಟ" ಎಂದ. ಇಬ್ಬರೂ ಸೆರೆಮನೆ ಸೇರಿದರು. ಕಂಬಳಿ ನೇಯುವ ಬೊಮ್ಮಣ್ಣ "ನನ್ನ ಕೈಗಳೇ" ಎಂದು ಪರದೆಯ ಮೇಲೆ ಟಕಟಕ ಗುಂಡಿ ಒತ್ತಿ ಸರ್ವರ್ ಎಬ್ಬಿಸಿಯೇಬಿಟ್ಟ. ಅರಸ ಅದನ್ನು ಅಳಿಸಿ "ಮತ್ತೆ ಎಬ್ಬಿಸು" ಎಂದಾಗ, ಯಾವ ಗುಂಡಿಯ ನಂತರ ಯಾವುದನ್ನು ಒತ್ತಿದ್ದೆನೆಂದು ಪಾಪ ಅವನಿಗೇ ನೆನಪಿರಲಿಲ್ಲ. ಮೂವರ ತಲೆಗೂ ಸೋಮವಾರ ನಿಗದಿಯಾಯಿತು.

ಭಾನುವಾರ ಬೊಮ್ಮಣ್ಣನ ತಂಗಿ ಸಂಕವ್ವ ಸಭೆಗೆ ಬಂದಳು.

"ಅಡಿಪಾಯ ಅಂದ್ರ ಬರವಣಿಗಿರಿ, ದೊರೀ. ಸರ್ವರಿನ ಅಳತಿ, ಬಾಗಲಾ, ಕೀಲಿ ಎಲ್ಲಾ ಒಂದು ಕಡತದಾಗ ಬರದಿಟ್ರ, ನಾ ಸತ್ರೂ ಇನ್ನೊಬ್ರು ಅದ ಮನಿ ಎಬ್ಬಸ್ತಾರ."

ಸಭೆಯಲ್ಲಿ ಗುಜುಗುಜು ಎದ್ದಿತು. ಅರಸ ಎರಡನೆಯದನ್ನು ಕೇಳಿದ. "ಎಬ್ಬಿಸಿದ್ದನ್ನೆಲ್ಲ ಅದು ನೆನಪಿಟ್ಟಿರುತ್ತದೆ. ಅದು ಕಳೆದುಹೋದರೆ, ಇರುವ ಮನೆಯ ಪಕ್ಕದಲ್ಲೇ ಅಂಥದೇ ಇನ್ನೊಂದು ಏಳುತ್ತದೆ. ಏನದು?"

"ಯಂತ್ರ ತಾನ ಬರಕೊಳ್ಳೋ ಲೆಕ್ಕದ ಕಡತರಿ. ಅದು ಕಳದ್ರ, ಏನೂ ಎಬ್ಬಿಸಿಲ್ಲ ಅನ್ಕೊಂಡು ಮೊದಲಿಂದ ಶುರು ಮಾಡತೈತಿ."

ಜನ ಕುಣಿಯುವುದೊಂದು ಬಾಕಿ. ಅರಸ ತಾನೇ ಬರೆಸಿದ ಒಂದು ಕಡತವನ್ನು ಮುಂದಿಟ್ಟ. "ಒಂದೇ ಒಂದು ಮಾತು. ಅದಿಲ್ಲದೆ ಕೆಲಸ ಆಗದು, ಓದದೆ ಆಡಿದರೆ ರಾಜ್ಯ ಉಳಿಯದು. ಯಾವುದೆಂದು ಈ ಕಡತ ನಡೆಸಿ ತೋರಿಸು."

ಏನೇನು ಆಗಲಿದೆ ಎಂದು ಪರದೆ ಪಟ್ಟಿ ಕೊಟ್ಟು, ನಡೆಸಲೇ ಎಂದು ಕೇಳಿತು. ಅಂಥ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದುವುದು ಮುಗಿಲೂರಿನ ಹಳೇ ಪದ್ಧತಿ. ಅವಸರದವರು ಅದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಸಂಕವ್ವ ಓದಿದಳು.

"ಸೇರೋದು ಒಂದು. ಬದಲಾಗೋದು ಸೊನ್ನಿ. ಅಳಿಯೋದು..." ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದಳು. "ಅಳಿಯೋದು ಒಂದು."

ಅಳಿಯಲಿದ್ದದ್ದು ಹಳೆಯ ಸರ್ವರ್. ನಲವತ್ತು ಊರುಗಳ ಕೆರೆನೀರಿನ ಸರದಿಯೆಲ್ಲ ಅದರಲ್ಲೇ ಇತ್ತು.

"ಹೌದು ಅನ್ನು" ಎಂದು ಅರಸ ಗುಡುಗಿದ. "ಇಲ್ಲದಿದ್ದರೆ ಅಣ್ಣನ ಜೊತೆ ನಿನ್ನ ತಲೆಯೂ ಹೋಗುತ್ತದೆ."

ಸಂಕವ್ವ ಗುಂಡಿಯಿಂದ ಕೈ ತೆಗೆದಳು. "ಹೋಗಲಿ ಬಿಡ್ರಿ. ಇದಕ್ಕ ನಾ ಹೌದು ಅನ್ನೂದಿಲ್ಲ."

ಕೇತರಸ ಸಿಂಹಾಸನದಿಂದ ಇಳಿದೇ ಬಂದ. "ಆ ತಪ್ಪನ್ನು ಬೇಕೆಂದೇ ಹಾಕಿಸಿದ್ದೆ, ತಾಯಿ. 'ಹೌದು' ಎಂಬುದೇ ಮೂರನೆಯ ಉತ್ತರ. ಅದನ್ನು ತಡೆದು ಹಿಡಿಯಬಲ್ಲವರು ನನಗೆ ಬೇಕಿತ್ತು."

ಸಂಕವ್ವ ಕಡತದ ಆ ಸಾಲು ತಿದ್ದಿ, ಪಟ್ಟಿಯನ್ನು ಮತ್ತೆ ಓದಿದಳು. ಸೇರುವುದು ಒಂದು, ಅಳಿಯುವುದು ಸೊನ್ನೆ. ಆಮೇಲೆಯೇ ಹೌದೆಂದಳು. ನೋಡನೋಡುತ್ತ ಹೊಸ ಸರ್ವರ್ ಎದ್ದು ನಿಂತಿತು, ಸಭೆಗೆ ಸಭೆಯೇ ಹೋ ಎಂದಿತು.

ಅರಸ ಅವಳನ್ನು ಮೋಡದ ಮನೆಗಳಿಗೆಲ್ಲ ಒಡತಿ ಮಾಡಿ, ಇನ್ನೇನು ಬೇಕೆಂದು ಕೇಳಿದ. ಅವಳು ಕೇಳಿದ್ದು ಮೂರು ತಲೆಗಳನ್ನು. ಸೆರೆಮನೆಯ ಬಾಗಿಲು ತೆರೆಯಿತು. ಅಲ್ಲಿಯವರೆಗೆ ನಡುಗದ ಸಂಕವ್ವ ಅಣ್ಣನ ಕೊರಳನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿ ಗೊಳೋ ಎಂದು ಅತ್ತಳು.