ಚೆಂಡಿನ ಒರಟು ಮೈ

ದೇಶದ ಪರ ಆಡಿ ಮುನ್ನೂರು ವಿಕೆಟ್ ಕಿತ್ತ ಮಧ್ಯಮ ವೇಗದ ಬೌಲರ್ ಬೋಪಯ್ಯನವರ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಹಳೆಯ ಚೆಂಡಿತ್ತು. ಒಂದೇ ಇನಿಂಗ್ಸ್‌ನಲ್ಲಿ ಏಳು ವಿಕೆಟ್ ಉರುಳಿಸಿದ ಚೆಂಡು ಅದು. ಅದರ ಹೊಳೆಯುವ ಮೈ ನೋಡಬಂದವರತ್ತ ಮುಖ ಮಾಡಿ ಕೂತಿತ್ತು, ಒರಟು ಮೈ ಗೋಡೆಯತ್ತ.

“ಏಳು ವಿಕೆಟ್ಟೂ ನನ್ನವೇ,” ಎಂದಿತು ಹೊಳೆಯುವ ಮೈ. “ಇಡೀ ತಂಡ ಪ್ಯಾಂಟಿಗೆ ಉಜ್ಜಿದ್ದು ನನ್ನನ್ನು ಮಾತ್ರ. ನಿನ್ನನ್ನು ಯಾರು ಮುಟ್ಟಿದರು?”

ಒರಟು ಮೈಗೆ ರೇಗಿಹೋಯಿತು. “ಯಾರೂ ಮುಟ್ಟಲಿಲ್ಲ. ನಾನು ಒರಟಾಗಿಯೇ ಉಳಿದೆ, ಅದಕ್ಕೇ ಚೆಂಡು ಗಾಳಿಯಲ್ಲಿ ಬಾಗಿ ಸ್ವಿಂಗ್ ಆಯಿತು. ನೀನೊಬ್ಬನೇ ತಿರುಗಿಸಿದೆಯಾ?”

“ಹೊಟ್ಟೆಕಿಚ್ಚು!” ಎಂದು ಹೊಳೆಯುವ ಮೈ ನಕ್ಕಿತು.

ಅದೇ ವಾರ ಊರಿನಲ್ಲೊಂದು ಪ್ರದರ್ಶನ ಪಂದ್ಯ. ಬೋಪಯ್ಯನವರು ಆ ಚೆಂಡಿನಲ್ಲೇ ಒಂದು ಎಸೆತ ಹಾಕಬೇಕೆಂದು ಅಭಿಮಾನಿಗಳು ಹಟ ಹಿಡಿದರು. ಚೆಂಡು ಚೆನ್ನಾಗಿ ಕಾಣಲೆಂದು ಸಂಘಟಕರು ಎರಡೂ ಕಡೆಗೆ ಪಾಲಿಶ್ ಹಚ್ಚಿ ತಿಕ್ಕಿದರು. ಬೋಪಯ್ಯನವರು ನೋಡಿ ಹಣೆ ಚಚ್ಚಿಕೊಂಡರು. ಆದರೂ ಓಡಿಬಂದು ಎಸೆದರು. ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಯಿತು, ಬ್ಯಾಟಿನ ಏಟು ತಿಂದು ಬೌಂಡರಿಯಾಚೆಯ ಚರಂಡಿಗೆ ಬಿತ್ತು.

“ಯಾಕೆ ತಿರುಗಲಿಲ್ಲ? ನನ್ನ ಹೊಳಪು ಹಾಗೇ ಇತ್ತಲ್ಲ!” ಎಂದು ಹೊಳೆಯುವ ಮೈ ಕೆಸರಿನಲ್ಲಿ ಗೋಳಾಡಿತು.

“ಇತ್ತು. ಇವತ್ತು ನನಗೂ ಇತ್ತು,” ಎಂದು ಒರಟು ಮೈ ಗುಡುಗಿತು. “ಉಜ್ಜಿದರೆ ಹೊಳಪು ಯಾರಿಗಾದರೂ ಬರುತ್ತದೆ. ಪಿಚ್ಚಿಗೆ ಬಿದ್ದು ಬಿದ್ದು ನಾನು ಮಾಡಿಕೊಂಡ ಗಾಯಗಳಿದ್ದವಲ್ಲ, ಅವನ್ನು ಎಲ್ಲಿಂದ ತರುತ್ತೀಯ? ತಾ, ನೋಡೋಣ!”